ಸೊನ್ನೆ ವರ್ಷದ ಹೆಂಗಸರು

"ನಿಮ್ಮ ಕಿಟಕಿಗೆ ಬೆಂಕಿ ಬೀಳ! ಇನ್ನೊಂದು ಸಲ ಆ ಫ್ಲಾಪಿ ಒಳಗೆ ಹಾಕಿದ್ರೆ ಎತ್ತಿ ರೋಡಿಗೆ ಬಿಸಾಕ್ತೀನಿ, ಮಿಷಿನ್ನು ಸಮೇತ!"

"ಬಿಸಾಕ್ರಿ. ಜನವರಿಯಿಂದ ಹಾಜರಿ ಪಟ್ಟಿ ನೀವೇ ಕೈಯಲ್ಲಿ ಬರೀರಿ. ನಾಲ್ಕುನೂರ ಹತ್ತು ಹೆಸರು. ಹೇಗೂ ಅಕ್ಷರ ಮುತ್ತಿನ ಹಾಗಿದೆ ನಿಮ್ದು."

ತಿರುನಾರಾಯಣ ಕೂಗುವ ಮನುಷ್ಯನಲ್ಲ. ನಾನು ಮೇಜು ಗುದ್ದಿದಷ್ಟೂ ಅವನ ದನಿ ತಗ್ಗುತ್ತದೆ. ಅದಕ್ಕೇ ನನಗೆ ಇನ್ನಷ್ಟು ಉರಿಯುವುದು.

"ಒಂದು ಕಾರಣ ಹೇಳ್ರಿ ಚನ್ನಪ್ಪನವರೇ. ಒಂದೇ ಒಂದು. ಯಾಕೆ ಬೇಡ?"

ಕಾರಣ ಇತ್ತು. ಹೇಳುವಂತಿರಲಿಲ್ಲ. ಅದಕ್ಕೇ ಕೂಗುತ್ತಿದ್ದೆ.

ಇದು ತೊಂಬತ್ತೊಂಬತ್ತರ ಸೆಪ್ಟೆಂಬರ್ ಮಾತು. ನಮ್ಮದು ಹೊಗೆಸೊಪ್ಪಿನ ಕಂಪನಿ. ಹಾಸನದಲ್ಲಿ ಆಫೀಸು, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳಲ್ಲಿ ಸೊಪ್ಪು ಬಣ್ಣವಾರು ವಿಂಗಡಿಸುವ ಶೆಡ್ಡುಗಳು. ಕೆಲಸಕ್ಕೆ ಬರುವವರೆಲ್ಲ ಹೆಂಗಸರು. ನಾನು ಹಾಜರಿ ಗುಮಾಸ್ತ. ಓದಿದ್ದು ಮಲ್ಲಿಪಟ್ಟಣದ ಶಾಲೆಯಲ್ಲಿ ಏಳನೇ ಕ್ಲಾಸು. ಎಂಬತ್ತೇಳರಲ್ಲಿ ಆಫೀಸಿಗೆ ಕಂಪ್ಯೂಟರ್ ಬಂದಾಗ ಮುಟ್ಟಲು ಎಲ್ಲರೂ ಹೆದರಿದರು. ನಾನು ಹೆದರಲಿಲ್ಲ. ಎರಡು ಬೆರಳಲ್ಲಿ ಕುಟ್ಟಿ ಎಲ್ಲರ ಹೆಸರು, ಊರು, ಹುಟ್ಟಿದ ತಾರೀಖು ತುಂಬಿದವನು ನಾನೇ. ತಿರುನಾರಾಯಣ ಆಮೇಲೆ ಬಂದ, ಹೊಳೆನರಸೀಪುರದ ದೇವಸ್ಥಾನದ ಮನೆಯವನು, ಡಿಪ್ಲೊಮಾ ಮಾಡಿದವನು. ಮಿಷಿನ್ನಿನ ಹೊಟ್ಟೆಯೊಳಗಿನ ವಿಷಯ ಅವನದು, ಅದಕ್ಕೆ ತಿನ್ನಿಸುವ ವಿಷಯ ನನ್ನದು.

ಆ ಮಿಷಿನ್ನು ವರ್ಷವನ್ನು ಎರಡೇ ಅಂಕಿಯಲ್ಲಿ ಇಟ್ಟುಕೊಂಡಿತ್ತು. ತೊಂಬತ್ತೊಂಬತ್ತು ಮುಗಿದರೆ ಸೊನ್ನೆ ಸೊನ್ನೆ. ಆಗ ಅದು ಸಾವಿರದ ಒಂಬೈನೂರನೇ ಇಸವಿ ಅಂದುಕೊಂಡು ಎಲ್ಲ ತಲೆಕೆಳಗು ಮಾಡುತ್ತದೆ ಎಂದು ಪೇಪರಿನಲ್ಲಿ ದಿನಾ ಬರುತ್ತಿತ್ತು. ಪ್ರೋಗ್ರಾಂ ಬರೆದುಕೊಟ್ಟಿದ್ದ ಮೈಸೂರಿನವರು ತೀರಿಕೊಂಡಿದ್ದರು. ಬರೆದ ಪ್ರತಿ ಯಾರ ಹತ್ತಿರವೂ ಇರಲಿಲ್ಲ. ಹಾಗಾಗಿ ಒಳಗೆ ಕೈಹಾಕಿ ತಿದ್ದುವ ಹಾಗಿಲ್ಲ, ಹೊರಗಿನಿಂದ ಸರಿಮಾಡುವ ಸಾಫ್ಟ್‌ವೇರ್ ತರಬೇಕು. ಎರಡು ಬಂದಿದ್ದವು.

ಒಂದು ಮದ್ರಾಸಿನವರದು, ಒಂದು ಫ್ಲಾಪಿ. ಎರಡಂಕಿ ಮೂವತ್ತಕ್ಕಿಂತ ಕಡಿಮೆಯಿದ್ದರೆ ಎರಡು ಸಾವಿರದಿಂದ ಮುಂದಿನದು, ಇಲ್ಲದಿದ್ದರೆ ಹಿಂದಿನದು ಎಂದು ಓದಿಕೊಳ್ಳುತ್ತದೆ. ಇದಕ್ಕೆ ಕಿಟಕಿ ಅನ್ನುತ್ತಿದ್ದರು. ಒಂದು ದಿನದ ಕೆಲಸ. ಇನ್ನೊಂದು ಹೈದರಾಬಾದಿನವರದು, ಸೀಡಿ. ಅದು ಒಂದೊಂದು ತಾರೀಖನ್ನೂ ನಾಲ್ಕಂಕಿಗೆ ಹಿಗ್ಗಿಸುತ್ತದೆ. ಅನುಮಾನ ಬಂದ ಕಡೆ ನಿಂತು ಕೇಳುತ್ತದೆ. ಎರಡು ತಿಂಗಳಾದರೂ ಬೇಕು. ತಿರುನಾರಾಯಣನಿಗೆ ಕಿಟಕಿ ಬೇಕು, ನನಗೆ ಸೀಡಿ.

ಗಲಾಟೆ ಕೇಳಿ ಯಜಮಾನರು ಈಶ್ವರಯ್ಯನವರು ಬಾಗಿಲಿಗೆ ಬಂದರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು.

"ಏನ್ರಪ್ಪಾ ಇದು, ಸಂತೆ ಮಾಡ್ಕೊಂಡಿದ್ದೀರಾ? ಎರಡನ್ನೂ ನಕಲಿನ ಮೇಲೆ ಹಾಕಿ ನೋಡಿ. ಶುಕ್ರವಾರ ಬಂದು ಇಬ್ಬರೂ ಒಂದೇ ಮಾತು ಹೇಳಿ. ಎರಡು ಮಾತು ಹೇಳೋದಾದ್ರೆ ಇಬ್ಬರೂ ಬರಬೇಡಿ."

ಈಗ ಕಾರಣ ಹೇಳುತ್ತೇನೆ.

ಎಂಬತ್ತೇಳರಲ್ಲಿ ತಾರೀಖು ತುಂಬುವಾಗ ಅರ್ಧಕ್ಕರ್ಧ ಹೆಂಗಸರಿಗೆ ಹುಟ್ಟಿದ ದಿನ ಗೊತ್ತಿರಲಿಲ್ಲ. ಗೊತ್ತಿಲ್ಲದವರಿಗೆ ವರ್ಷದ ಜಾಗದಲ್ಲಿ ಸೊನ್ನೆ ಸೊನ್ನೆ ಹಾಕು, ಮಿಷಿನ್ನು ಅವರ ವಯಸ್ಸಿನ ತಂಟೆಗೆ ಹೋಗುವುದಿಲ್ಲ ಎಂದು ಮೈಸೂರಿನವರು ಹೇಳಿಕೊಟ್ಟರು. ಹಾಕಿದೆ. ನಾಲ್ಕು ವರ್ಷದ ಮೇಲೆ ಒಂದು ವಿಷಯ ಬಯಲಾಯಿತು. ಐವತ್ತೆಂಟು ತುಂಬಿದವರ ಹೆಸರನ್ನು ಮಿಷಿನ್ನು ತಾನೇ ಪಟ್ಟಿಯಿಂದ ಬಿಡುತ್ತಿತ್ತು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಗೇಟಿನಲ್ಲಿ ಕಾವಲಿನ ಬೋರಪ್ಪ ಒಳಗೆ ಬಿಡುವುದಿಲ್ಲ. ಆದರೆ ಸೊನ್ನೆಯವರು ಮಾತ್ರ ಹಲ್ಲು ಬಿದ್ದರೂ ಪಟ್ಟಿಯಲ್ಲಿ ಉಳಿದುಕೊಂಡರು. ಹೆಂಗಸರಿಗೆ ಇದು ಹೇಗೆ ತಿಳಿಯಿತೋ! ಹೊಸದಾಗಿ ಸೇರುವವರೂ ಕೈಯಲ್ಲೊಂದು ಕವಳೆ ವೀಳ್ಯದೆಲೆ ಹಿಡಿದು ಬರುವರು. "ನಂಗೂ ಸೊನ್ನೆ ಆಕ್ಬುಡಣ್ಣ, ಉಟ್ಟಿದ್ ತಾರೀಕು ಗೊತ್ತಿಲ್ಲ." ಗೊತ್ತಿದ್ದವರೂ ಗೊತ್ತಿಲ್ಲ ಅನ್ನುವರು. ಒಬ್ಬರ ಹತ್ತಿರವೂ ಒಂದು ಪೈಸೆ ಮುಟ್ಟಿಲ್ಲ. ಎಲೆ ಮುಟ್ಟಿದ್ದೇನೆ, ಅಗಿದಿದ್ದೇನೆ. ಹೀಗೆ ನೂರ ನಲವತ್ತಮೂರು ಸೊನ್ನೆ.

ಅವುಗಳಲ್ಲಿ ನೂರ ನಲವತ್ತೆರಡು ಹೇಗೋ ನಡೆದುಹೋಗುತ್ತಿತ್ತು. ಒಂದು ಮಾತ್ರ ಕಳ್ಳ ಸೊನ್ನೆ.

ಅದು ಮಾದಮ್ಮನದು. ಮಲ್ಲಿಪಟ್ಟಣದಲ್ಲಿ ನಮ್ಮ ಮನೆಯ ಹಿಂದಿನ ಮನೆಯವಳು, ವರಸೆಯಲ್ಲಿ ಅಕ್ಕ. ಹದಿನಾರು ವರ್ಷದ ನನ್ನನ್ನು ಸೊಪ್ಪಿನ ಬೇಲು ಹೊರುವ ಕೆಲಸಕ್ಕೆ ಅರಕಲಗೂಡು ಶೆಡ್ಡಿಗೆ ಕೈಹಿಡಿದು ಕರೆತಂದವಳು ಅವಳು. ಎರಡನೇ ಕ್ಲಾಸು ಓದಿದ್ದಳು, ಸಹಿ ಹಾಕುತ್ತಿದ್ದಳು, ಅವಳ ತಾರೀಖು ಸರಿಯಾಗಿತ್ತು: ಹನ್ನೆರಡು, ಆರು, ಮೂವತ್ತೊಂಬತ್ತು. ತೊಂಬತ್ತೇಳರ ಜೂನಿನಲ್ಲಿ ಅವಳಿಗೆ ಐವತ್ತೆಂಟು. ಮಗಳು ಅಳಿಯ ಇಬ್ಬರೂ ಸತ್ತು, ಮೊಮ್ಮಗಳು ರಂಜಿತಾ ಅವಳ ಮಡಿಲಿನಲ್ಲಿದ್ದಳು. ಹುಡುಗಿ ನರ್ಸಿಂಗ್ ಓದಬೇಕು. ಆ ಮೇ ತಿಂಗಳಲ್ಲಿ ನಾನು ಯಾರನ್ನೂ ಕೇಳದೆ ಮೂವತ್ತೊಂಬತ್ತನ್ನು ಅಳಿಸಿ ಸೊನ್ನೆ ಸೊನ್ನೆ ಕುಟ್ಟಿದೆ. ಅವಳಿಗೂ ಹೇಳಲಿಲ್ಲ.

ಬುಧವಾರ ತಿರುನಾರಾಯಣ ಕಿಟಕಿಯನ್ನು ನಕಲಿನ ಮೇಲೆ ಹಾಕಿ ಎರಡು ಸಾವಿರದ ಜನವರಿಯ ಪಟ್ಟಿ ಮುದ್ರಿಸಿದ. ಪ್ರಿಂಟರ್ ಕಿರ್ರೆಂದು ಅರಚಿ ಬೇಗನೆ ನಿಂತಿತು.

"ಅರಕಲಗೂಡು ಇಷ್ಟು ಬೇಗ ಮುಗೀತಾ?" ಅಂದ. ಎಣಿಸಿದ. ಎಲ್ಲ ಶೆಡ್ಡಿಂದ ನೂರ ನಲವತ್ತಮೂರು ಹೆಸರು ಇಲ್ಲ. ಪರದೆಯ ಮೇಲೆ ಒಂದೊಂದಾಗಿ ತೆಗೆದು ನೋಡಿದ. ಸೊನ್ನೆಯನ್ನೆಲ್ಲ ಕಿಟಕಿ ಎರಡು ಸಾವಿರ ಮಾಡಿ, ಕೆಲಸದ ವಯಸ್ಸಾಗಿಲ್ಲವೆಂದು ಹೆಸರು ಬಿಟ್ಟಿತ್ತು.

"ಚನ್ನಪ್ಪನವರೇ, ಇವರೆಲ್ಲ ಬರೋ ವರ್ಷ ಹುಟ್ತಾರಂತೆ. ಬಾಣಂತನಕ್ಕೆ ಜಾಗ ನೋಡಿದ್ದೀರಾ?"

ನನಗೆ ನಗು ಬರಲಿಲ್ಲ. ಅವನೂ ಆಮೇಲೆ ನಗಲಿಲ್ಲ. ಬಾಗಿಲು ಮುಂದೆ ಮಾಡಿ ಬಂದು ಕೂತ.

"ಈ ಸೊನ್ನೆ ಹಾಕಿದ್ದು ಯಾರು?"

"ನಾನು."

"ಯಜಮಾನರಿಗೆ ಗೊತ್ತಾ?"

"ಗೊತ್ತಿಲ್ಲ."

"ತಾರೀಖು ಇದ್ದೂ ಅಳಿಸಿ ಸೊನ್ನೆ ಮಾಡಿದ್ದು ಯಾವುದಾದ್ರೂ ಇದೆಯಾ? ಇದ್ರೆ ಈಗ್ಲೇ ಹೇಳಿಬಿಡಿ. ನನಗೆ ಗೊತ್ತಿರ್ಬೇಕು."

"ಒಂದೂ ಇಲ್ಲ," ಅಂದೆ. ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಹೇಳಿದ ಮೇಲೆ ನಾನೂ ನಂಬಿದೆ.

ಶುಕ್ರವಾರ ಇಬ್ಬರೂ ಸೀಡಿ ಅಂದೆವು. ಗೆದ್ದೆ ಅಂದುಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಎರಡು ಮಸಾಲೆದೋಸೆ ತಿಂದೆ.

ಅಕ್ಟೋಬರಿನಲ್ಲಿ ಹೈದರಾಬಾದಿನವರು ಬಂದು ಸೀಡಿ ಹಾಕಿದರು. ಹಳೆಯ ಫ್ಲಾಪಿಗಳೇನಾದರೂ ಇದ್ದರೆ ಕೊಡಿ, ಅದು ಅವನ್ನೂ ಓದಿಕೊಳ್ಳುತ್ತದೆ, ಕೆಲಸ ಹಗುರಾಗುತ್ತದೆ ಎಂದರು. ವರ್ಷಕ್ಕೊಂದು ನಕಲು ತೆಗೆದಿಟ್ಟ ಫ್ಲಾಪಿಗಳು ಬೀರುವಿನಲ್ಲಿದ್ದವು. ಧೂಳು ಕೊಡವಿ ಡಬ್ಬಿಸಮೇತ ನಾನೇ ತಂದುಕೊಟ್ಟೆ. ಕೆಲಸ ಹಗುರಾದರೆ ಯಾರಿಗೆ ಬೇಡ?

ಸೀಡಿ ಸೊನ್ನೆಯನ್ನು ಒಪ್ಪಲಿಲ್ಲ. ಸಾವಿರದ ಒಂಬೈನೂರು ಎಂದು ಕುಟ್ಟಿದೆ. ಹಾಗಾದರೆ ಇವರಿಗೆ ತೊಂಬತ್ತೊಂಬತ್ತು ವರ್ಷ, ಮನೆಗೆ ಕಳಿಸಿ ಎಂದಿತು. ಖಾಲಿ ಬಿಟ್ಟರೆ ಮುಂದಕ್ಕೇ ಹೋಗುವುದಿಲ್ಲ. ಕೊನೆಗೆ ಅನುಮಾನದ ಹೆಸರುಗಳನ್ನೆಲ್ಲ ತಾನೇ ಮುದ್ರಿಸಿ ಕೊಟ್ಟಿತು. ಆ ಪಟ್ಟಿಯ ಮೇಲೆ ಯಜಮಾನರ ಸಹಿ ಬೇಕಂತೆ. ಸಹಿಗೆ ಹೋದವನು ಅರ್ಧ ಗಂಟೆ ಬೈಸಿಕೊಂಡು ಬಂದೆ.

"ಇವರಲ್ಲಿ ಯಾರನ್ನೂ ತೆಗೀಬೇಕು ಅಂತ ನನಗೇನಿಲ್ಲ," ಅಂದರು ಈಶ್ವರಯ್ಯನವರು, ಬೈದು ಸುಸ್ತಾದ ಮೇಲೆ. "ಆದ್ರೆ ಕಾಗದ ಬೇಕು. ಶಾಲೇದೋ, ಡಾಕ್ಟರದೋ. ಡಿಸೆಂಬರ್ ಹದಿನೈದು ಕಡೇ ದಿನ. ಕಾಗದ ಇಲ್ಲ ಅಂದ್ರೆ ಪಟ್ಟೀಲಿ ಹೆಸರಿಲ್ಲ."

ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದೆ. ನೂರ ನಲವತ್ತೆರಡು ಹೆಸರು. ಮಾದಮ್ಮನ ಹೆಸರು ಇಲ್ಲ! ಎದೆ ಹಗುರಾಯಿತು. ಮಿಷಿನ್ನು ಕೇಳಲಿಲ್ಲವೆಂದರೆ ಬಿಟ್ಟಿದೆ ಎಂದು ನನ್ನ ಲೆಕ್ಕ. ತೂತಿನಲ್ಲಿ ನುಸುಳಿಕೊಂಡಳು, ಬದುಕಿದಳು. ಯಾರಿಗೂ ಹೇಳದೆ ಪಟ್ಟಿ ಮಡಚಿ ಜೇಬಿಗಿಟ್ಟೆ.

ಆಮೇಲಿನ ಒಂದೂವರೆ ತಿಂಗಳು ನಾನು ಮನುಷ್ಯನ ಹಾಗಿರಲಿಲ್ಲ. ಕಂಡಕ್ಟರುಗಳಿಗೆಲ್ಲ ನನ್ನ ಗುರುತಾಯಿತು. ಶಾಲೆ ಶಾಲೆ ಸುತ್ತಿ ಗೆದ್ದಲು ಹಿಡಿದ ದಾಖಲಾತಿ ಪುಸ್ತಕ ತೆಗೆಸಿದೆ. ಶಾಲೆ ಮುಖ ಕಂಡವರು ಹನ್ನೊಂದೇ ಜನ. ಉಳಿದವರನ್ನು ಜಗಲಿ ಜಗಲಿಯ ಮೇಲೆ ಕೂತು ಕೇಳಿದೆ. ದಂಡಿಗನಹಳ್ಳಿಯ ಕೆಂಚಮ್ಮ ತಲೆ ಕೆರೆದುಕೊಂಡು, "ನಾನ್ ಉಟ್ಟಾಗ ನಮ್ಮಪ್ಪ ಕರೀ ಎತ್ತು ಮಾರಿದ್ನಂತೆ ಕಣಣ್ಣಾ," ಅಂದಳು.

"ಎತ್ತು ಮಾರಿದ್ದು ಯಾವ ವರ್ಷ?"

"ಅದೇ, ನಾನ್ ಉಟ್ಟಿದ್ ವರ್ಸ."

"ಮಿಷಿನ್ನಿಗೆ ಎತ್ತು ಅಂತ ಕುಟ್ಲೇನಮ್ಮಾ?" ಎಂದು ಕಿರುಚಿದೆ. ಅವಳ ಸೊಸೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಕೆಂಚಮ್ಮ ಮಾತ್ರ ಬೇಸರ ಮಾಡಿಕೊಳ್ಳದೆ, "ಕೂಗ್ಬ್ಯಾಡ ಕಣಪ್ಪ, ಎತ್ತು ಒಳ್ಳೇದೇ ಇತ್ತಂತೆ," ಎಂದು ಮಜ್ಜಿಗೆ ಕೊಟ್ಟಳು.

ಕೊನೆಗೆ ಡಾಕ್ಟರೇ ಗತಿ. ಬಾಡಿಗೆ ಟೆಂಪೋದಲ್ಲಿ ಹದಿನೈದು ಹದಿನೈದು ಜನರನ್ನು ತುಂಬಿಕೊಂಡು ಹೋದೆ. ಡಾಕ್ಟರು ಬಾಯಿ ತೆಗೆಸಿ ಹಲ್ಲು ನೋಡಿ, ರೆಪ್ಪೆ ಎಳೆದು ನೋಡಿ, ಸುಮಾರು ಐವತ್ತು, ಸುಮಾರು ಐವತ್ತೆರಡು ಎಂದು ಬರೆದರು. ಹಲ್ಲೇ ಇಲ್ಲದವಳಿಗೆ ಐವತ್ತೈದು. "ದನದ ಜಾತ್ರೆಗೂ ಇಂಗೆ ನೋಡಾಕಿಲ್ವಲ್ಲ," ಎಂದು ಹೆಂಗಸರು ನಕ್ಕರು. ನನಗೆ ರಾತ್ರಿ ನಿದ್ದೆಯಿಲ್ಲ, ಹಗಲು ಅನ್ನವಿಲ್ಲ. ಹಾದಿಯಲ್ಲಿ ಹೋಗುವ ಮುದುಕಿಯರನ್ನು ಕಂಡರೂ ಹುಟ್ಟಿದ ವರ್ಷ ಕೇಳಬೇಕು ಅನ್ನಿಸುತ್ತಿತ್ತು. ಡಿಸೆಂಬರ್ ಹದಿನಾಲ್ಕಕ್ಕೆ ನೂರ ನಲವತ್ತೆರಡು ಕಾಗದ ಯಜಮಾನರ ಮೇಜಿನ ಮೇಲಿಟ್ಟೆ. ಅವರು ಒಂದೊಂದನ್ನೂ ನೋಡಿ ಸಹಿ ಹಾಕಿದರು. ತಿರುನಾರಾಯಣ ಐದು ದಿನ ಕೂತು ಎಲ್ಲ ತುಂಬಿದ.

ಇಪ್ಪತ್ತನೇ ತಾರೀಖು ಬೆಳಿಗ್ಗೆ ಹೊಸ ಪಟ್ಟಿ ಮುದ್ರಿಸಿದೆವು. ನಾಲ್ಕುನೂರ ಒಂಬತ್ತು ಹೆಸರು. ಕೊನೆಗೆ ಬೇರೆ ಹಾಳೆಯಲ್ಲಿ ಒಂದೇ ಒಂದು ಹೆಸರು ಬಂತು.

ಮಾದಮ್ಮ. ಮಲ್ಲಿಪಟ್ಟಣ. 12-6-1939. ಅರವತ್ತು ವರ್ಷ. ಪಟ್ಟಿಯಿಂದ ಬಿಡತಕ್ಕದ್ದು. ಕೆಳಗೆ ಸಣ್ಣ ಅಕ್ಷರದಲ್ಲಿ: ತಾರೀಖು ತೊಂಬತ್ತಾರರ ಫ್ಲಾಪಿಯಿಂದ ತುಂಬಿದ್ದು.

ಮಿಷಿನ್ನು ಅವಳನ್ನು ಬಿಟ್ಟಿರಲಿಲ್ಲ. ಅದಕ್ಕೆ ಕೇಳುವ ಅವಶ್ಯಕತೆಯೇ ಇರಲಿಲ್ಲ. ನಾನು ಧೂಳು ಕೊಡವಿ ಕೊಟ್ಟ ಡಬ್ಬಿಯಲ್ಲೇ ಅದಕ್ಕೆ ಉತ್ತರ ಸಿಕ್ಕಿತ್ತು. ಜಗಳವಾಡಿ ತಂದವನೂ ನಾನೇ, ತಿನ್ನಿಸಿದವನೂ ನಾನೇ.

ತಿರುನಾರಾಯಣ ಹಾಳೆಯನ್ನು ನನ್ನ ಮುಂದೆ ಇಟ್ಟ. "ನಾನು ಕೇಳಿದ್ದೆ," ಅಂದ.

ಅವನ ಕಾಲು ಹಿಡಿಯುವುದೊಂದು ಬಾಕಿ. "ನಲವತ್ತಾರು ಅಂತ ಕುಟ್ಟಿಬಿಡಿ ಸ್ವಾಮಿ. ಹುಡುಗಿಗೆ ಇನ್ನೊಂದೂವರೆ ವರ್ಷ ಓದಿದೆ. ನನ್ನ ತಲೆ ಬೇಕಾದ್ರೆ ತಗೊಳ್ಳಿ."

ಅವನು ಕನ್ನಡಕ ಒರೆಸಿ ಹಾಕಿಕೊಂಡ. "ಯಜಮಾನರು ನಾಳೆ ಹತ್ತು ಗಂಟೆಗೆ ಇದಕ್ಕೆ ಸಹಿ ಹಾಕ್ತಾರೆ. ಅಷ್ಟರೊಳಗೆ, ನನ್ನ ತಾರೀಖು ತಪ್ಪಾಗಿದೆ ಅಂತ ಆಕೆಯೇ ಸಹಿ ಮಾಡಿದ ಅರ್ಜಿ ತನ್ನಿ. ತಿದ್ದುತ್ತೇನೆ. ನನ್ನ ಕೆಲಸವೂ ಹೋದೀತು, ಆದ್ರೂ ತಿದ್ದುತ್ತೇನೆ."

ಅರ್ಜಿ ಬರೆದುಕೊಂಡು ಅರಕಲಗೂಡು ಬಸ್ಸು ಹತ್ತಿದೆ. ಶೆಡ್ಡು ಸೇರುವಾಗ ಮೂರೂವರೆ. ನಾಲ್ಕಕ್ಕೆ ವಾಪಸು ಬಸ್ಸು.

ಮಾದಮ್ಮ ಸೊಪ್ಪಿನ ರಾಶಿಯ ಮುಂದೆ ಕೂತಿದ್ದಳು. ಎಲೆಯನ್ನು ಬೆಳಕಿಗೆ ಹಿಡಿಯದೆ, ಬರೀ ಬೆರಳಲ್ಲಿ ಸವರಿ, ನಿಂಬೆ ಬಣ್ಣದ್ದು ಎಡಕ್ಕೆ, ಕಿತ್ತಳೆ ಬಣ್ಣದ್ದು ಬಲಕ್ಕೆ ಎಸೆಯುವವಳು ಆ ಶೆಡ್ಡಿನಲ್ಲಿ ಅವಳೊಬ್ಬಳೇ. ಹೊಸಬರಿಗೆ ಕಲಿಸುವವಳೂ ಅವಳೇ.

"ಬಾಲಾ ಚನ್ನ. ಏನ್ಲಾ ಇದು, ದೆವ್ವ ಮೆಟ್ಕಂಡೋನಂಗೆ ಆಗಿದ್ದೀಯ? ಉಂಡ್ಯಾ?"

"ಅಕ್ಕ, ಇದಕ್ಕೊಂದು ಸಹಿ ಹಾಕು. ಬೇಗ. ಬಸ್ಸು ಹೋಗ್ತದೆ."

ಹೆಬ್ಬೆಟ್ಟಿನವಳಾಗಿದ್ದರೆ ಒತ್ತಿ ಕೊಡುತ್ತಿದ್ದಳು. ಅವಳು ಓದಲು ಕೂತಳು. ಅಕ್ಷರ ಅಕ್ಷರ ಕೂಡಿಸಿಕೊಂಡು, ತುಟಿ ಅಲ್ಲಾಡಿಸುತ್ತ ಓದಿದಳು.

"ನಲವತ್ತಾರು ಅಂತ ಬರ್ದಿದ್ದೀಯ. ತಪ್ಪು ಕಣ್ಲಾ. ನಾನ್ ಉಟ್ಟಿದ್ದು ಪ್ರಮಾಥಿ ಸಂವತ್ಸರ. ಈ ಉಗಾದೀಲಿ ಐನೋರು ಪಂಚಾಂಗ ಓದ್ದಾಗ ಅದೇ ಎಸರು ತಿರುಗಿ ಬಂತು. ನಂಗೆ ಅರವತ್ತು ತುಂಬ್ತು."

"ಗೊತ್ತು. ಸಹಿ ಹಾಕು."

"ಸುಳ್ಳಿಗೆ ಯಾಕ್ಲಾ ಸಹಿ? ಯಜಮಾನ್ರಿಗೆ ನನ್ ವಯಸ್ಸು ಗೊತ್ತಿಲ್ವಾ? ಗೊತ್ತಿದ್ದೇ ಇಟ್ಕಂಡವ್ರೆ. ಐವತ್ತೆಂಟಾದಾಗ ಎಲ್ರುನ್ನೂ ಕಳ್ಸುದ್ರು, ನನ್ ಕಳುಸ್ನಿಲ್ಲ. ನನ್ ಕೈ ನೋಡಿ ಇಟ್ಕಂಡ್ರು." ಪಕ್ಕದ ಹೆಂಗಸರ ಕಡೆ ತಿರುಗಿ ನಕ್ಕಳು. "ಇವ್ರಂಗೆ ಎಲೆ ಕೊಟ್ಟು ಸೊನ್ನೆ ಆಕಿಸ್ಕಂಡೋಳಲ್ಲ ನಾನು."

ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷ. ಒಂದೂವರೆ ತಿಂಗಳ ನಿದ್ದೆಗೇಡು ಒಂದೇ ಸಲ ತಲೆಗೆ ಹತ್ತಿತು.

"ಯಾವ ಕೈ? ಯಾರು ನೋಡಿದ್ರು ನಿನ್ನ ಕೈನ? ನಿನಗೂ ಸೊನ್ನೆನೇ ಕಣೇ! ನಾನೇ ಹಾಕ್ದೆ, ಎರಡೂವರೆ ವರ್ಷದ ಹಿಂದೆ! ಆ ಸೊನ್ನೆ ಇಲ್ದಿದ್ರೆ ಅವತ್ತೇ ಮನೇಲಿ ಕೂತಿರ್ತಿದ್ದೆ. ಹಾಕು ಸಹಿ!"

ಇಡೀ ಶೆಡ್ಡಿಗೆ ಕೇಳಿಸಿತು. ಸೊಪ್ಪಿನ ಸರಸರ ನಿಂತುಹೋಯಿತು. ಹಿಂದಿನ ಸಾಲಿನಲ್ಲಿ ಯಾರೋ, "ಮಾದಕ್ಕಂಗೂ ಸೊನ್ನೆಯಾ?" ಅಂದರು. ಯಾರೋ ಕಿಸಕ್ಕೆಂದರು.

ಮಾದಮ್ಮ ಅರ್ಜಿಯನ್ನು ಇದ್ದ ಮಡಿಕೆಯಲ್ಲೇ ಮಡಚಿ ನನ್ನ ಕೈಗೆ ಕೊಟ್ಟಳು. ಮಡಿಲಿನಲ್ಲಿ ಉಳಿದಿದ್ದ ಎಲೆಗಳನ್ನು ಒಂದೊಂದಾಗಿ ವಿಂಗಡಿಸಿ ಮುಗಿಸಿದಳು. ಸೊಂಟಕ್ಕೆ ಕಟ್ಟಿಕೊಂಡಿದ್ದ ಗೋಣಿತಾಟು ಬಿಚ್ಚಿ ಕೊಡವಿ ಕೆಳಗಿಟ್ಟಳು.

"ರಂಜಿತನ ಓದು?" ಅಂದೆ.

"ಅವಳುನ್ನ ಓದುಸ್ತಾ ಇದ್ದದ್ದು ನನ್ ಕೈ ಅಂದ್ಕಂಡಿದ್ದೆ ಕಣಪ್ಪ," ಅಂದಳು. ಹುಟ್ಟಿದಾಗಿನಿಂದ ನನ್ನನ್ನು ಲಾ ಎಂದು ಕರೆದವಳು ಆವತ್ತು ಅಪ್ಪ ಅಂದಳು. ಗೇಟು ದಾಟಿ ಮಲ್ಲಿಪಟ್ಟಣದ ದಾರಿ ಹಿಡಿದಳು.

ಮಾರನೆಯ ದಿನ ಹತ್ತು ಗಂಟೆಗೆ ಈಶ್ವರಯ್ಯನವರ ಮುಂದೆ ನಿಂತು ಎಲ್ಲ ಒಪ್ಪಿಕೊಂಡೆ. ಕೆಲಸದಿಂದ ತೆಗೆಯುತ್ತಾರೆ ಅಂದುಕೊಂಡಿದ್ದೆ. ಅವರು ಆ ಹಾಳೆಯನ್ನು ಕೈಗೆತ್ತಿಕೊಂಡರು.

"ಮಲ್ಲಿಪಟ್ಟಣದ ಮಾದಮ್ಮ ತಾನೇ? ಹಲ್ಕಾ ನನ್ಮಗನೇ, ಆಕೆಯನ್ನ ಕಳಿಸಿದ್ರೆ ಹೊಸಬರಿಗೆ ಸೊಪ್ಪು ಕಲಿಸೋರು ಯಾರೋ? ಪಟ್ಟೀಲಿ ಇಲ್ದಿದ್ರೆ ಪಟ್ಟಿ ಆಚೆ ಇಟ್ಕೋತಿದ್ದೆ, ಮೇಸ್ತ್ರಿ ಅಂತ. ತೊಂಬತ್ತೇಳರಲ್ಲೇ ಇಟ್ಕೋತಿದ್ದೆ. ಒಂದು ಮಾತು ನನ್ನ ಕೇಳಿದ್ಯಾ? ಹೋಗು, ಕರ್ಕೊಂಡು ಬಾ."

ಚಪ್ಪಲಿ ಸರಿಯಾಗಿ ಮೆಟ್ಟದೆ ಓಡಿದೆ. ಮಲ್ಲಿಪಟ್ಟಣಕ್ಕೆ ಹೋದಾಗ ಮಾದಮ್ಮ ಜಗಲಿಯ ಮೇಲೆ ಅವರೇಕಾಯಿ ಸುಲಿಯುತ್ತಿದ್ದಳು. ರಂಜಿತಾ ರಜೆಗೆ ಬಂದಿದ್ದಳು, ನೀರು ತಂದುಕೊಟ್ಟಳು. ನಾನು ಏದುಸಿರಿನಲ್ಲಿ ಎಲ್ಲ ಹೇಳಿದೆ. ಯಜಮಾನರೇ ಕರೆದಿದ್ದಾರೆ ಅಂದೆ, ಮೇಸ್ತ್ರಿ ಕೆಲಸ ಅಂದೆ, ಕೈ ನೋಡಿಯೇ ಅಂದೆ, ಅವರ ಬಾಯಿಂದಲೇ ಬಂದ ಮಾತು ಅಂದೆ.

"ಇದೂ ನೀನೇ ಬರ್ದಿದ್ದಾ?" ಅಂದಳು.

"ನನ್ನ ಮಕ್ಕಳಾಣೆ, ಅಲ್ಲ."

"ಇರ್ಬೋದು," ಅಂದಳು. "ನಂಗೆ ಎಂಗ್ ಗೊತ್ತಾಗಬೇಕು?"

ಮೊರವನ್ನು ಮೊಮ್ಮಗಳ ಮುಂದೆ ಸರಿಸಿ ಎದ್ದಳು. ಸಿಪ್ಪೆಯನ್ನು ಮಂಕರಿಗೆ ತುಂಬಿಕೊಂಡು, ಹಿತ್ತಲ ಬಾಗಿಲಿಂದ ಹೊರಗೆ ಹೋದಳು. ದನಕ್ಕೆ ಹಾಕಿ ಬರುತ್ತಾಳೆ ಎಂದು ಕಾದೆ. ರಂಜಿತಾ ಮೊರದ ಅವರೆಯನ್ನೆಲ್ಲ ಸುಲಿದು ಮುಗಿಸಿದಳು. ಮಧ್ಯಾಹ್ನದ ಬಸ್ಸು ಹೋಯಿತು, ಸಂಜೆಯದು ಬಂದು ನಿಂತು ಹಾರನ್ ಹೊಡೆಯಿತು. ಹಿತ್ತಲಿಗೆ ಹೋಗಿ ನೋಡಿದೆ. ಮಂಕರಿ ಬೇಲಿಯ ಹತ್ತಿರ ಖಾಲಿಯಾಗಿತ್ತು. ಅವಳಿರಲಿಲ್ಲ. ನಾನು ಬಸ್ಸು ಹತ್ತುವವರೆಗೂ ಅವಳು ಮನೆಗೆ ಬರುವುದಿಲ್ಲ.